ಇಪ್ಪತ್ತಮೂರು ತೆರೆದಿದೆ

ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ, ದೀಪ ಆರಿದ ಕೋಣೆಯಲ್ಲಿ ‘ಟಿಕ್’ ಎಂದು ಒಂದು ಸಣ್ಣ ಸದ್ದು. ಗಡಿಯಾರದ್ದಲ್ಲ, ಆ ಮನೆಯ ಗಡಿಯಾರ ನಿಂತು ಮೂರು ವರ್ಷವಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಒಂದರ ಬೆನ್ನಿಗೊಂದು ಎರಡು. ಪಕ್ಕದ ಮಂಚದಲ್ಲಿದ್ದ ಅತ್ತೆ ಮಗ್ಗುಲು ಬದಲಿಸುತ್ತಾರೆ. “ಹಲ್ಲಿ ಏನಾದ್ರೂ ಹೊಕ್ಕೊಂಡಿದ್ಯೇನೇ ನಿನ್ನ ಫೋನಲ್ಲಿ?” ಸೊಸೆ ಎದ್ದು ಕೂತು, ಫೋನಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ನೋಡುತ್ತಾರೆ. ಪರದೆಯ ಮೇಲೆ ಒಂದೇ ಸಂಖ್ಯೆ ನಾಲ್ಕು ಸಾಲು ಬಂದು ಕೂತಿದೆ: 23, 23, 23, 23.

ಆ ಸದ್ದನ್ನು ಫೋನಿಗೆ ಹಾಕಿಟ್ಟವರು ಅವರೇ. ಊರಿನ ದೊಡ್ಡ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಯಾರೋ ಒಂದು ಪುಟ ಹುಡುಕಿಕೊಂಡು ಬಂದು, ಅದು ತೆರೆಯದೆ ಬರಿಗೈಯಲ್ಲಿ ಹಿಂದಿರುಗಿದರೆ ಅವರ ಫೋನು ಟಿಕ್ ಎನ್ನುತ್ತದೆ. ವೆಬ್‌ಸೈಟಿನ ಪುಟಗಳಿಗೆ ಹೆಸರಿಡುವುದು, ಪ್ರತಿ ಪುಟಕ್ಕೂ ಒಂದು ವಿಳಾಸ ಗೊತ್ತುಮಾಡುವುದು, ಕೊಟ್ಟ ವಿಳಾಸ ಕೆಡದಂತೆ ಕಾಯುವುದು ಅವರ ಕೆಲಸ. ಹದಿನೇಳು ವರ್ಷದಿಂದ ಅದೇ ಕೆಲಸ. ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ವಿಳಾಸದಕ್ಕ’ ಎನ್ನುತ್ತಾರೆ.

ಬೆಳಿಗ್ಗೆ ಐದೂವರೆಗೆ ಗ್ರಂಥಾಲಯದ ಹಿಂಬಾಗಿಲು ತೆರೆಯುವ ಹೊತ್ತಿಗೆ ಅವರು ಅಲ್ಲಿರುತ್ತಾರೆ. ಮೊದಲ ಮಹಡಿಯಲ್ಲಿ, ನೀರಿನ ಫಿಲ್ಟರಿನ ಆಚೆ, ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆ. ಹಿಂದೆ ಅದು ಹರಿದ ಪುಸ್ತಕಗಳನ್ನು ರಾಶಿ ಹಾಕುತ್ತಿದ್ದ ಜಾಗ. ಈಗಲೂ ಗೋಂದಿನ ವಾಸನೆ ಹೋಗಿಲ್ಲ. ಮೇಜಿನ ಮೇಲೆ ಕಂಪ್ಯೂಟರು, ಎಡಗಡೆ ಮೂರು ದಪ್ಪ ನೋಟುಪುಸ್ತಕ, ಬಲಗಡೆ ಕಣ್ಣಿಗೆ ಬಿಡುವ ಔಷಧಿಯ ಪುಟ್ಟ ಶೀಶೆ. ಎಲ್ಲರೂ ಬರುವ ಮೊದಲೇ ರಾತ್ರಿಯ ದಾಖಲೆ ಓದಿ ಮುಗಿಸಬೇಕು ಎಂಬುದು ಅವರಿಗೆ ಅವರೇ ಹಾಕಿಕೊಂಡ ಕಟ್ಟಳೆ. ಯಾವ ಪುಟಕ್ಕೆ ಎಷ್ಟು ಜನ ಬಂದರು, ಯಾವ ಹೊತ್ತಿಗೆ ಬಂದರು, ಯಾರಿಗೆ ಸಿಗಲಿಲ್ಲ. ಹೆಸರು ಅದರಲ್ಲಿ ಇರುವುದಿಲ್ಲ. ಬಂದ ಹೊತ್ತು, ಒತ್ತಿದ ವಿಳಾಸ, ಅಷ್ಟೇ.

ಈಗ ಆ ವೆಬ್‌ಸೈಟಿನಲ್ಲಿ 4,312 ಪುಟಗಳಿವೆ. ವಾರಕ್ಕೆ ಆರರಿಂದ ಹತ್ತು ಹೊಸ ಪುಟ ಹುಟ್ಟುತ್ತವೆ, ಒಂದೆರಡು ಹಳತಾಗಿ ಬೇರೆ ಪುಟಕ್ಕೆ ಸೇರಿಕೊಳ್ಳುತ್ತವೆ. ಪ್ರತಿಯೊಂದು ಪುಟದ ತಲೆಬರಹವನ್ನು ಸಂಬಂಧಪಟ್ಟ ವಿಭಾಗದವರು ವರ್ಷಕ್ಕೆ ನಾಲ್ಕು ಸಲ ಬದಲಿಸಿದರೂ ವಿಳಾಸದಕ್ಕ ಬಾಯಿ ಬಿಡುವುದಿಲ್ಲ. ವಿಳಾಸ ಮುಟ್ಟಲು ಬಂದರೆ ಮಾತ್ರ ಕುರ್ಚಿ ತಿರುಗಿಸಿ ಕೂರುತ್ತಾರೆ.

“ತಲೆಬರಹ ಅಂದ್ರೆ ಮನೆಗೆ ಬಳಿದ ಬಣ್ಣ. ಬೇಜಾರಾದಾಗ ಬದಲಿಸ್ಕೊಳ್ಳಿ. ವಿಳಾಸ ಹಾಗಲ್ಲ. ಅದನ್ನ ಯಾರೋ ಚೀಟೀಲಿ ಬರ್ಕೊಂಡಿರ್ತಾರೆ, ಯಾರೋ ತಂಗಿಗೆ ಹೇಳಿರ್ತಾರೆ. ಅವರನ್ನೆಲ್ಲ ಹುಡುಕಿ ‘ನಾವು ಮನೆ ಬದಲಿಸಿದ್ವಿ’ ಅಂತ ಹೇಳೋಕಾಗುತ್ತಾ?”

ಅವರ ನಿಯಮಗಳು ಎಲ್ಲೂ ಅಚ್ಚಾಗಿಲ್ಲ. ವಿಳಾಸದಲ್ಲಿ ಇಸವಿ ಇರಕೂಡದು, ಏಕೆಂದರೆ ಇಸವಿ ಹಳತಾಗುತ್ತದೆ. ಅಧಿಕಾರಿಯ ಹೆಸರು ಇರಕೂಡದು, ಅಧಿಕಾರಿ ವರ್ಗವಾಗುತ್ತಾರೆ. ‘ಹೊಸ’ ಎಂಬ ಮಾತಂತೂ ಬೇಡವೇ ಬೇಡ. ಈ ಕೊನೆಯ ಪಾಠ ಕಲಿಸಿದ್ದು ಅವರದೇ ಒಂದು ಎಡವಟ್ಟು. ವಿಳಾಸದ ಕೆಲಸಕ್ಕೆ ಬಂದ ಮೂರನೇ ವರ್ಷ ಪಕ್ಕದಲ್ಲಿ ಕಟ್ಟಿದ ವಾಚನಾಲಯದ ಪುಟಕ್ಕೆ ‘ಹೊಸ-ಕಟ್ಟಡ’ ಎಂದು ವಿಳಾಸ ಕೊಟ್ಟುಬಿಟ್ಟರು. ಈಗ ಆ ಹೊಸ ಕಟ್ಟಡದ ಚಾವಣಿಯಿಂದ ಮೂರು ಕಡೆ ನೀರು ತೊಟ್ಟಿಕ್ಕುತ್ತದೆ, ಪುಟದ ತಲೆಬರಹ ‘ದುರಸ್ತಿಗಾಗಿ ಮುಚ್ಚಲಾಗಿದೆ’ ಎಂದಿದೆ. ವಿಳಾಸ ಮಾತ್ರ ಮದುಮಗನ ಹಾಗೆ ಹೊಸದಾಗಿಯೇ ಉಳಿದಿದೆ. ಅದನ್ನು ತೋರಿಸಿ ಅವರು ಈಗಲೂ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ.

ಅವರು ಇಲ್ಲಿಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೈಂಡಿಂಗ್ ವಿಭಾಗದ ದಿನಗೂಲಿಯಾಗಿ. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿ, ಮಸಿಯಲ್ಲಿ ಸಂಖ್ಯೆ ಬರೆಯುವ ಕೆಲಸ. ಬರವಣಿಗೆ ಮುತ್ತು ಪೋಣಿಸಿದಂತಿತ್ತು, ಹಾಗಾಗಿ ಉಳಿಸಿಕೊಂಡರು. ಗಂಡ ತೀರಿಕೊಂಡಾಗ ಮಗಳಿಗೆ ಆರು ವರ್ಷ. ಅತ್ತೆಯ ತವರಿನವರು ಕರೆದರೂ ಅತ್ತೆ ಹೋಗಲಿಲ್ಲ. ಸೊಸೆಯ ಕೈ ಹಿಡಿದು ಇಲ್ಲೇ ನಿಂತರು. ಮಗಳು ಓದಿ, ಮದುವೆಯಾಗಿ, ನಾಲ್ಕು ಬೀದಿ ಆಚೆ ಇದ್ದಾಳೆ. ಗ್ರಂಥಾಲಯಕ್ಕೆ ಕಂಪ್ಯೂಟರು ಬಂದಾಗ ಚೀಟಿಯ ಕೆಲಸ ನಿಂತಿತು. “ಪುಸ್ತಕಕ್ಕೆ ಸಂಖ್ಯೆ ಬರೆದವರು ಪುಟಕ್ಕೂ ಬರೀಲಿ” ಎಂದು ಆಗಿನ ದೊಡ್ಡವರೊಬ್ಬರು ತಮಾಷೆಗೆ ಅಂದದ್ದು ಹುದ್ದೆಯಾಗಿ ಉಳಿದುಬಿಟ್ಟಿತು. ಹುದ್ದೆ ಎಂದರೂ ಅದಕ್ಕೆ ಹೆಸರಿಲ್ಲ. ನಾಲ್ಕು ಸಾವಿರ ಪುಟಗಳಿಗೆ ಹೆಸರಿಟ್ಟವರ ಮುಂದೆ ಹಾಜರಿ ಪುಸ್ತಕದಲ್ಲಿ ಬರೆದಿರುವುದು ‘ಇತರೆ’ ಎಂದು. ಕೆಲಸ ಇನ್ನೂ ಖಾಯಂ ಆಗಿಲ್ಲ. ಆ ಕಡತ ಈ ವರ್ಷ ಕೊನೆಗೂ ಎದ್ದು, ವೆಬ್‌ಸೈಟ್ ವಿಭಾಗದ ಮುಖ್ಯಸ್ಥರ ಮೇಜಿನವರೆಗೆ ಬಂದಿದೆ.

ಇನ್ನು ಆ ಇಪ್ಪತ್ತಮೂರರ ವಿಷಯ.

ಅಕ್ಷರ ಬಾರದ ದೊಡ್ಡವರಿಗಾಗಿ ಗ್ರಂಥಾಲಯ ಸಂಜೆ ಹೊತ್ತು ಒಂದು ತರಗತಿ ನಡೆಸುತ್ತದೆ. ಒಂಬತ್ತು ವರ್ಷದ ಹಿಂದೆ ಅಲ್ಲಿನ ಟೀಚರು ಮೂವತ್ತು ಪಾಠಗಳನ್ನು ಧ್ವನಿ, ಚಿತ್ರ ಸಮೇತ ಮಾಡಿ, ಪುಟಕ್ಕೆ ಹಾಕಿಕೊಡಿ ಎಂದು ತಂದರು. ತರಗತಿಗೆ ಬಂದು ಕೂರಲು ನಾಚಿಕೆಪಡುವವರು ಮನೆಯಲ್ಲೇ ಕಲಿಯಲಿ ಎಂಬ ಆಸೆ ಅವರದು. ಆದರೆ ಅಕ್ಷರ ಬಾರದವರಿಗೆ ಅಕ್ಷರದಲ್ಲಿ ವಿಳಾಸ ಕೊಡುವುದು ಹೇಗೆ? ವಿಳಾಸದಕ್ಕ ಎರಡು ದಿನ ಯೋಚಿಸಿದರು. ಮೂರನೇ ದಿನ ಮನೆಯಲ್ಲಿ ಅತ್ತೆ ಫೋನು ಹಿಡಿದು ಮೊಮ್ಮಗಳಿಗೆ ಕರೆ ಮಾಡುವುದನ್ನು ನೋಡುತ್ತ ನಿಂತುಬಿಟ್ಟರು. ಅತ್ತೆಗೆ ಒಂದಕ್ಷರ ಬಾರದು. ಆದರೆ ಹದಿನಾಲ್ಕು ಜನ ನೆಂಟರ ಫೋನ್ ನಂಬರು ಬಾಯಿಪಾಠ, ಯಾವ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರಿಗೇ ಹೇಳಿಕೊಡುತ್ತಾರೆ.

“ಅಕ್ಷರ ಬರಲ್ಲ ಅನ್ನೋರಿಗೂ ಅಂಕಿ ಬರುತ್ತೆ. ಅಂಕಿ ಬರದೇ ಊರಲ್ಲಿ ಬದುಕೋಕಾಗಲ್ಲ,” ಎನ್ನುತ್ತಾರೆ ವಿಳಾಸದಕ್ಕ. ಮೂವತ್ತು ಪಾಠಕ್ಕೆ ಅವರು ಬರೀ ಅಂಕಿಯ ವಿಳಾಸ ಕೊಟ್ಟರು. ಹನ್ನೊಂದರಿಂದ ನಲವತ್ತು. ಒಂದರಿಂದ ಯಾಕಲ್ಲ ಎಂದರೆ, ಒಂದಂಕಿಯನ್ನು ಯಾರು ಬೇಕಾದರೂ ಕೈತಪ್ಪಿ ಒತ್ತಿಬಿಡುತ್ತಾರೆ. ಎರಡಂಕಿ ಒತ್ತಿದವರು ಬೇಕೆಂದೇ ಬಂದವರು. ಟೀಚರು ಒಮ್ಮೆ ಫೋನಿನಲ್ಲಿ ಗ್ರಂಥಾಲಯದ ಚಿಹ್ನೆಯನ್ನು ಕೂರಿಸಿಕೊಟ್ಟರೆ ಸಾಕು. ಅದನ್ನು ಮುಟ್ಟಿ, ಮೇಲಿನ ಚೌಕದಲ್ಲಿ ಎರಡಂಕಿ ಒತ್ತಿದರೆ ಪಾಠ ತಾನಾಗಿ ಮಾತಾಡಲು ಶುರು ಮಾಡುತ್ತದೆ.

ಮೊದಲ ಪರೀಕ್ಷೆ ಅತ್ತೆಯ ಮೇಲೆಯೇ ನಡೆಯಿತು. ಅವರು ಹನ್ನೊಂದು ಒತ್ತಿ, ಪಾಠವನ್ನು ಪೂರ್ತಿ ಕೇಳಿ, ಫೋನು ಮಡಿಲಲ್ಲಿಟ್ಟುಕೊಂಡು ತೀರ್ಪು ಕೊಟ್ಟರು. “ಚೆನ್ನಾಗಿದೆ. ಈ ಹುಡುಗಿ ನಿಧಾನಕ್ಕೆ ಮಾತಾಡ್ತಾಳೆ, ನಿನ್ನ ಹಾಗಲ್ಲ.” ಹನ್ನೆರಡಕ್ಕೆ ಅವರು ಈವರೆಗೂ ಹೋಗಿಲ್ಲ.

ಈಚೆಗೆ ವೆಬ್‌ಸೈಟನ್ನು ಪೂರ್ತಿ ಹೊಸದಾಗಿ ಕಟ್ಟಲಾಯಿತು. ಮುಖ್ಯಸ್ಥರು ವಯಸ್ಸಿನಲ್ಲಿ ಚಿಕ್ಕವರು, ಅಚ್ಚುಕಟ್ಟಿನ ಮನುಷ್ಯ. ವಿಳಾಸವೆಂದರೆ ಓದಿದ ಕೂಡಲೇ ಅರ್ಥವಾಗಬೇಕು, ಬರೀ ಅಂಕಿ ಇಟ್ಟರೆ ಯಾರಿಗೆ ಏನು ತಿಳಿಯುತ್ತದೆ ಎಂಬುದು ಅವರ ವಾದ. ವಾದದಲ್ಲಿ ತಪ್ಪೇನೂ ಇಲ್ಲ ಎಂದು ವಿಳಾಸದಕ್ಕನೂ ಒಪ್ಪುತ್ತಾರೆ. ಪಾಠಗಳಿಗೆ ‘ಅಕ್ಷರಪಾಠ’ ಎಂಬ ಹೊಸ ವಿಳಾಸ ಬಂತು. ಹಳೆಯ ಅಂಕಿ ಒತ್ತಿದವರನ್ನು ಹೊಸ ವಿಳಾಸಕ್ಕೆ ಕೈಹಿಡಿದು ದಾಟಿಸುವ ಒಂದೊಂದು ಸಾಲನ್ನು ತಾವೇ ಬರೆಯುವುದಾಗಿ ವಿಳಾಸದಕ್ಕ ಹೇಳಿದರು. ಇಡೀ ವೆಬ್‌ಸೈಟಿಗೆ ಅಂಥ 2,900 ಸಾಲುಗಳು. ನೋಟುಪುಸ್ತಕ ನೋಡಿಕೊಂಡು, ಐದು ವಾರ ಕೂತು ಬರೆದರು. ಬಲಭುಜ ಈಗಲೂ ಎತ್ತಿದರೆ ನೋಯುತ್ತದೆ.

ಅಷ್ಟು ಸಾಲುಗಳಲ್ಲಿ ಅವರು ಮರೆತದ್ದು ತಮ್ಮದೇ ಹಳೆಯ ಒಂದು ಸಾಲನ್ನು. ಒಂಬತ್ತು ವರ್ಷದ ಹಿಂದೆ, ಯಾರಾದರೂ ‘ಅಕ್ಷರಪಾಠ’ ಎಂದು ಹುಡುಕಿಕೊಂಡು ಬಂದರೆ ಅಂಕಿಯ ಪುಟಕ್ಕೆ ಕಳಿಸಬೇಕೆಂದು ಅವರೇ ಬರೆದಿಟ್ಟಿದ್ದರು. ಅದು ಅಳಿಯಲಿಲ್ಲ. ಹಾಗಾಗಿ ಈಗ ಅಂಕಿ ಒತ್ತಿದವರನ್ನು ಹೊಸ ಸಾಲು ಅಕ್ಷರಕ್ಕೆ ಕಳಿಸುತ್ತದೆ, ಹಳೆಯ ಸಾಲು ಅಕ್ಷರದಿಂದ ಮತ್ತೆ ಅಂಕಿಗೆ ಕಳಿಸುತ್ತದೆ. ಎರಡು ಮನೆಯವರು ‘ಪಕ್ಕದ ಮನೇಲಿ ಕೇಳಿ’ ಎಂದು ಒಬ್ಬರನ್ನೊಬ್ಬರು ತೋರಿಸಿದ ಹಾಗೆ. ಅಲೆದು ಅಲೆದು ಫೋನು ಸೋತು, ಬಿಳಿ ಪರದೆ ತೋರಿಸಿ ಸುಮ್ಮನಾಗುತ್ತದೆ. ಸಂಜೆಯ ತರಗತಿಗೆ ಆ ಹದಿನೈದು ದಿನ ರಜೆ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಕೂತು ಒಬ್ಬರೇ ಕಲಿಯುತ್ತಿದ್ದ ಯಾರೋ ಒಬ್ಬರು ಮಾತ್ರ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನಾಲ್ಕು ಸಲ ಒತ್ತಿ ನೋಡಿದರು.

ಬೆಳಿಗ್ಗೆ ಆರಕ್ಕೆಲ್ಲ ವಿಳಾಸದಕ್ಕನಿಗೆ ತಪ್ಪು ಸಿಕ್ಕಿತು. ಹಳೆಯ ದಾಖಲೆ ತಿರುವಿದರೆ ಇನ್ನೊಂದು ಸಂಗತಿ ಕಂಡಿತು. ಎರಡು ತಿಂಗಳಿಂದ ಅದೇ ಹೊತ್ತಿಗೆ, ವಾರಕ್ಕೆ ಮೂರು ನಾಲ್ಕು ರಾತ್ರಿ, ಯಾರೋ ಹನ್ನೊಂದರಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬಂದಿದ್ದಾರೆ. ಹದಿನಾರನೇ ಪುಟದಲ್ಲಿ ಒಂಬತ್ತು ರಾತ್ರಿ ಕೂತಿದ್ದಾರೆ. ಆದರೂ ಬಿಟ್ಟಿಲ್ಲ. ಇಪ್ಪತ್ತೆರಡು ಮುಗಿಸಿ ಇಪ್ಪತ್ತಮೂರಕ್ಕೆ ಬಂದ ದಿನ ಬಾಗಿಲು ಹಾಕಿದೆ.

ತಿದ್ದುವುದು ಎರಡು ನಿಮಿಷದ ಕೆಲಸ. ಆದರೆ ಹೊಸ ವೆಬ್‌ಸೈಟು ಬಂದ ಮೇಲೆ ಹತ್ತು ದಿನ ಯಾರೂ ಏನನ್ನೂ ಮುಟ್ಟಬಾರದೆಂದು ಆದೇಶವಿತ್ತು, ಬೀಗದ ಕೈ ಮುಖ್ಯಸ್ಥರ ಬಳಿಯಷ್ಟೇ ಇತ್ತು. ಹತ್ತು ಗಂಟೆಗೆ ಅವರು ಬಂದ ಕೂಡಲೇ ವಿಳಾಸದಕ್ಕ ಹೋಗಿ ಕೇಳಿದರು. ಮುಖ್ಯಸ್ಥರು ಮರ್ಯಾದೆಯಿಂದಲೇ ಕೂರಿಸಿ, ಲೆಕ್ಕ ತೋರಿಸಿದರು. ದಿನಕ್ಕೆ ಹನ್ನೊಂದು ಸಾವಿರ ಜನ ಬರುವ ವೆಬ್‌ಸೈಟಿನಲ್ಲಿ ಆ ಮೂವತ್ತು ಪುಟಕ್ಕೆ ಬರುವವರು, ತರಗತಿ ನಡೆಯುವಾಗಲೂ, ಒಂಬತ್ತು ಜನ. ಒಬ್ಬರಿಗೋಸ್ಕರ ತೆರೆದರೆ ನಾಳೆ ಎಲ್ಲ ವಿಭಾಗದವರೂ ಸಾಲಾಗಿ ನಿಲ್ಲುತ್ತಾರೆ. ಇನ್ನು ಆರೇ ದಿನ, ಕಾಯಿರಿ ಎಂದರು. ವಿಳಾಸದಕ್ಕ ಎದ್ದು ಬಂದರು.

ಆ ರಾತ್ರಿ ಮತ್ತೆ ಟಿಕ್. ಈ ಸಲ ಎರಡೇ ಬಾರಿ. ನಾಲ್ಕು ಹೋಗಿ ಎರಡಾದದ್ದೇ ಅವರನ್ನು ನಿದ್ದೆ ಮಾಡಲು ಬಿಡಲಿಲ್ಲ. ನಾಳೆ ಒಂದಾಗುತ್ತದೆ, ನಾಡಿದ್ದು ಅದೂ ಇರುವುದಿಲ್ಲ. ಬೆಳಿಗ್ಗೆ ಮತ್ತೆ ಮುಖ್ಯಸ್ಥರ ಬಾಗಿಲಲ್ಲಿ ನಿಂತರು.

“ಮೇಡಂ, ನಿನ್ನೆ ಹೇಳಿದ್ನಲ್ಲ,” ಎಂದರು ಮುಖ್ಯಸ್ಥರು. “ಒಂದು ದೂರೂ ಬಂದಿಲ್ಲ.”

“ಅದಕ್ಕೇ ಬಂದೆ ಸಾರ್. ಬೇರೆಯವರಾದ್ರೆ ಪುಟ ತೆರೀಲಿಲ್ಲ ಅಂತ ನಮ್ಮನ್ನ ಬೈತಾರೆ. ಇವರು ದೂರು ಬರೆಯೋದು ಹೇಗೆ? ಬರೆಯೋಕೆ ಬರಲ್ಲ ಅಂತಾನೇ ಅಲ್ವಾ ನಮ್ಮ ಹತ್ರ ಬಂದಿರೋದು? ತನಗೇ ಒತ್ತೋಕೆ ಬರ್ಲಿಲ್ಲ, ತನ್ನ ತಲೆಗೇ ಹತ್ತಲ್ಲ ಅಂದ್ಕೊಂಡು ಫೋನ್ ಕೆಳಗಿಡ್ತಾರೆ. ಒಂದ್ಸಲ ಇಟ್ರೆ ಮತ್ತೆ ಎತ್ತಲ್ಲ.”

ಮುಖ್ಯಸ್ಥರು ತಪ್ಪು ಯಾರದೆಂದು ಕೇಳಿದರು. ನನ್ನದೇ ಎಂದರು ವಿಳಾಸದಕ್ಕ. ಆದೇಶ ಮೀರಿ ತೆರೆಯಬೇಕಾದರೆ ಕಾರಣ ಕಡತಕ್ಕೆ ಹೋಗಬೇಕು, ಬರೆದುಕೊಡುತ್ತೀರಾ ಎಂದು ಅವರು ಮತ್ತೆ ಕೇಳಿದಾಗ, ಇವರು ಅಲ್ಲೇ ಮೇಜಿನ ಮೂಲೆಯಲ್ಲಿ ಕಾಗದವಿಟ್ಟು ಬರೆದರು. ಹದಿನೇಳು ವರ್ಷದಲ್ಲಿ ತಾವು ಕೊಟ್ಟ ಒಂದು ವಿಳಾಸವೂ ಸತ್ತಿಲ್ಲ ಎಂದು ಹೇಳಿಕೊಳ್ಳುತ್ತಿದ್ದವರು, ‘ನನ್ನ ತಪ್ಪಿನಿಂದ ಮೂವತ್ತು ವಿಳಾಸಗಳು ತೆರೆಯಲಿಲ್ಲ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಅದು ಖಾಯಮಾತಿಯ ಕಡತದ ಪಕ್ಕದಲ್ಲೇ ಕೂತಿತು. ಮುಖ್ಯಸ್ಥರು ಓದಿ, ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದರು. ಎರಡು ನಿಮಿಷದಲ್ಲಿ ಇಪ್ಪತ್ತಮೂರು ತೆರೆಯಿತು.

ಆ ರಾತ್ರಿ ಟಿಕ್ ಇಲ್ಲ. ವಿಳಾಸ ಸರಿಯಾದ ಮೇಲೆ ಸದ್ದು ಬರಬಾರದು, ಸರಿ. ಆದರೆ ಬೆಳಿಗ್ಗೆ ದಾಖಲೆಯಲ್ಲೂ ಇಪ್ಪತ್ತಮೂರರ ಮುಂದೆ ಸೊನ್ನೆ. ಮಾರನೇ ದಿನ ಸೊನ್ನೆ. ಅದರ ಮಾರನೇ ದಿನವೂ. ಬಾಗಿಲು ತೆರೆದಿದೆ, ಬರುವವರು ಬರುವುದನ್ನೇ ನಿಲ್ಲಿಸಿದ್ದಾರೆ. ತೆರೆದಿದೆ ಎಂದು ಹೇಳೋಣವೆಂದರೆ ಅವರು ಯಾರೆಂದು ಗೊತ್ತಿಲ್ಲ. ಫಲಕ ಬರೆದು ಹಾಕೋಣವೆಂದರೆ ಅವರಿಗೆ ಓದಲು ಬಾರದು. ಟೀಚರಿಗೆ ಫೋನ್ ಮಾಡಿದರೆ, ತಾವು ಚಿಹ್ನೆ ಕೂರಿಸಿಕೊಟ್ಟವರೇ ಇನ್ನೂರು ಮುನ್ನೂರು ಜನ, ಯಾರೆಂದು ಹೇಳಲಿ ಎಂದರು.

ದಾರಿ ಹೊಳೆದದ್ದು ಮತ್ತೆ ಮನೆಯಲ್ಲೇ. ಊಟಕ್ಕೆ ಕೂತಾಗ ಸೊಸೆಯ ಮುಖ ನೋಡಿ ಅತ್ತೆ ವಿಷಯ ಕೇಳಿಕೊಂಡರು. ಕೇಳಿ, ಇಷ್ಟೇನಾ ಎನ್ನುವ ಹಾಗೆ ಕೈ ಆಡಿಸಿದರು. “ಬಸ್ಸಿನ ಹಣೆ ಮೇಲೆ ಊರು ಬರೆದಿರ್ತಾರೆ, ನಂಬರೂ ಬರೆದಿರ್ತಾರೆ. ನಾನು ಯಾವುದು ನೋಡಿ ಹತ್ತೋದು?”

ಮಾರನೇ ಬೆಳಿಗ್ಗೆ ವಿಳಾಸದಕ್ಕ ಬೈಂಡರ್ ಹತ್ತಿರ ಹೋದರು. ಮೂವತ್ತು ವರ್ಷದ ಹಿಂದೆ ಅವರಿಗೆ ಗೋಂದು ಕಲಸುವುದು ಕಲಿಸಿದವರು ಇವರೇ. ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ, ಬಾಯಿ ಮಾತ್ರ ಚುರುಕು. ಕೆಂಪು ಬೈಂಡಿಂಗ್ ಬಟ್ಟೆಯಲ್ಲಿ ಗೇಣುದ್ದದ ಎರಡು ಮತ್ತು ಮೂರು ಕತ್ತರಿಸಿ, ಮೂರು ದಪ್ಪ ಕಾಗದದ ಮೇಲೆ ಅಂಟಿಸಿ ಕೊಡಬೇಕೆಂದು ಕೇಳಿದಾಗ ಬೈಂಡರ್ ಕತ್ತರಿ ಎತ್ತಿಕೊಂಡು, “ಯಾರ ವಯಸ್ಸಕ್ಕಾ ಇದು? ನಿಮ್ಮದಂತೂ ಅಲ್ಲ,” ಎಂದರು. ಅಂಕಿಯ ಕೆಳಗೆ ಒಂದು ತೆರೆದ ಬಾಗಿಲಿನ ಚಿತ್ರವನ್ನು ವಿಳಾಸದಕ್ಕನೇ ಬರೆದರು. ಒಂದು ಗೇಟಿಗೆ, ಒಂದು ಕೆಳಗಿನ ಕೌಂಟರಿಗೆ, ಒಂದು ಮೊದಲ ಮಹಡಿಯ ನೀರಿನ ಫಿಲ್ಟರಿನ ಮೇಲೆ. ಮುಖ್ಯಸ್ಥರು ಅದೇ ಚಿತ್ರವನ್ನು ವೆಬ್‌ಸೈಟಿನ ಮುಖಪುಟದಲ್ಲಿ ಹಾಕಿಸಿದರು. ಈ ಸಲ ಯಾರೂ ಬರೆದುಕೊಡಿ ಎನ್ನಲಿಲ್ಲ.

ಎರಡು ದಿನ ಕಟ್ಟಡದಲ್ಲಿ ಬೇರೆ ಮಾತಿಲ್ಲ. ಕೌಂಟರಿನವರನ್ನು ಓದುಗರು ಕೇಳಿ ಕೇಳಿ ಸುಸ್ತು ಮಾಡಿದರು. ಕಾಲೇಜು ಹುಡುಗರಿಬ್ಬರು ಇಪ್ಪತ್ತಮೂರನೇ ಕೋಣೆ ಹುಡುಕಿಕೊಂಡು ಮೂರು ಮಹಡಿ ಹತ್ತಿಳಿದರು. ಕಟ್ಟಡದಲ್ಲಿ ಇರುವುದೇ ಹತ್ತೊಂಬತ್ತು ಕೋಣೆ. ಒಬ್ಬ ಹಿರಿಯರು ಅದು ಏನೋ ಕೊನೆಯ ದಿನಾಂಕವಿರಬೇಕೆಂದು ಗಾಬರಿಯಾಗಿ ಪುಸ್ತಕ ಹಿಂದಿರುಗಿಸಿ ಹೋದರು. ಬೈಂಡರ್ ದಿನಕ್ಕೆರಡು ಸಲ ಬಂದು, ಲಾಟರಿ ಹೊಡೀತಾ ಎಂದು ವಿಚಾರಿಸಿದರು. ವಿಳಾಸದಕ್ಕನ ಲೆಕ್ಕವೆಲ್ಲ ಬೆಳಗಿನ ದಾಖಲೆಯ ಒಂದು ಸಾಲಿನ ಮೇಲಿತ್ತು.

ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಅವರು ಎಂದಿನಂತೆ ಹಿಂಬಾಗಿಲಿನಿಂದ ಒಳಗೆ ಬಂದರು. ಮೆಟ್ಟಿಲಿನ ತಿರುವಿನವರೆಗೆ ಹತ್ತಿದಾಗ ಮೇಲೆ ನೀರಿನ ಫಿಲ್ಟರಿನ ಎದುರು ಯಾರೋ ನಿಂತಿರುವುದು ಕಂಡಿತು. ದಿನಾ ನೋಡುವ ಮುಖ. ಎಷ್ಟೋ ವರ್ಷದಿಂದ ಇದೇ ಕಟ್ಟಡದಲ್ಲಿ ದುಡಿಯುವವರು. ಓದು ಬಾರದೆಂದು ಯಾರೂ ಕನಸಿನಲ್ಲೂ ಎಣಿಸಿರದಂಥವರು. ಅವರು ಗೋಡೆಯ ಕಾಗದದ ನಾಲ್ಕು ಮೂಲೆಯನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದರು, ಹರಿಯದ ಹಾಗೆ. ಬಿಡಿಸಿ, ಕೆಂಪು ಬಟ್ಟೆಯ ಅಂಕಿಯ ಮೇಲೆ ಒಮ್ಮೆ ಕೈಯಾಡಿಸಿ, ನಾಲ್ಕಾಗಿ ಮಡಚಿ ಚೀಲದೊಳಗಿಟ್ಟರು.

ವಿಳಾಸದಕ್ಕ ಸದ್ದಿಲ್ಲದೆ ಹಿಂದೆ ಸರಿದು, ಎಂಟು ಮೆಟ್ಟಿಲು ಕೆಳಗಿಳಿದರು. ಅಲ್ಲಿಂದ ಮತ್ತೆ ಹತ್ತಿದರು. ಈ ಸಲ ಕೊಡೆಯನ್ನು ಮೆಟ್ಟಿಲ ಪಕ್ಕದ ಕಟಾಂಜನಕ್ಕೆ ತಾಗಿಸುತ್ತ, ಕೆಮ್ಮುತ್ತ, ದಡದಡ ಹೆಜ್ಜೆ ಹಾಕುತ್ತ. ಮೇಲೆ ಬಂದಾಗ ಆ ಮನುಷ್ಯರು ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಇವತ್ತು ಬೇಗ ಬಂದಿರಲ್ಲ ಎಂದು ಅವರು ಕೇಳಿದರು. ದಿನಾ ಇದೇ ಹೊತ್ತಿಗೇ ಬರುವುದು ಎಂದರು ಇವರು. ಅಷ್ಟೇ ಮಾತು.

ಕೋಣೆಯಲ್ಲಿ ಕಂಪ್ಯೂಟರು ತೆರೆದರು. ರಾತ್ರಿ 11.52: ಇಪ್ಪತ್ತಮೂರು. ನಲವತ್ತೊಂದು ನಿಮಿಷ.

ಅದಾಗಿ ಇಪ್ಪತ್ತು ದಿನವಾಯಿತು. ರಾತ್ರಿಯ ಆ ಓದುಗರು ಈಗ ಇಪ್ಪತ್ತೊಂಬತ್ತರಲ್ಲಿದ್ದಾರೆ. ಖಾಯಮಾತಿಯ ಕಡತ ಇನ್ನೂ ಮುಖ್ಯಸ್ಥರ ಮೇಜಿನ ಮೇಲೇ ಇದೆ. ಏನು ಬೇಕೆಂದು ಕೇಳಿದರೆ ವಿಳಾಸದಕ್ಕ ಕಡತದ ಹೆಸರೆತ್ತುವುದಿಲ್ಲ. “ನಲವತ್ತರವರೆಗೆ ಹೋಗ್ಲಿ. ನಲವತ್ತೊಂದು ಅಂತ ಒಂದು ಪುಟ ಇಲ್ಲ. ಅಷ್ಟರೊಳಗೆ ಟೀಚರ್ ಹತ್ರ ಹೇಳಿ ಒಂದು ಮಾಡಿಸ್ಬೇಕು, ಒತ್ತಿ ನೋಡಿದ್ರೆ ಖಾಲಿ ಇರಬಾರ್ದು,” ಎನ್ನುತ್ತಾರೆ.

ದಾಖಲೆಯಲ್ಲಿ ಇಪ್ಪತ್ತಮೂರು ಮತ್ತೆ ಕಂಡ ದಿನ ರಾತ್ರಿ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು, ಸಿಕ್ಕರೇನೇ ನಿನ್ನ ಇಪ್ಪತ್ತಮೂರು, ಯಾರಂತೆ ಎಂದು ಕೇಳಿದ್ದರು. ಪುಟ ತೆರೆದಿದೆ ಅತ್ತೆ, ಓದುತ್ತಿದ್ದಾರೆ ಎಂದಷ್ಟೇ ಹೇಳಿ ಇವರು ದೀಪ ಆರಿಸಿದರು. ನೀರಿನ ಫಿಲ್ಟರಿನ ಮೇಲಿನ ಕಾಗದ ಎಲ್ಲಿ ಹೋಯಿತೆಂದು ಬೈಂಡರ್ ಕೇಳಿದಾಗ ಗೋಂದು ಸರಿಯಿರಲಿಲ್ಲ ಎಂದು ತಪ್ಪನ್ನು ಅವರ ಮೇಲೆಯೇ ಹಾಕಿದರು. ಅದಕ್ಕೆ ಬೈಂಡರ್ ಒಂದು ದಿನ ಮಾತು ಬಿಟ್ಟರು. ಮುಖ್ಯಸ್ಥರು ಕೇಳಿದರು, ಟೀಚರು ಕೇಳಿದರು, ಈ ಪತ್ರಿಕೆಯ ಪರವಾಗಿಯೂ ಕೇಳಿದ್ದಾಯಿತು. ಆ ಮುಖ ಯಾರದೆಂದು ಯಾರಿಗೂ ಹೇಳಬಾರದೆಂಬುದನ್ನು ಅವರು ಕೆಳಗಿಳಿದ ಆ ಎಂಟು ಮೆಟ್ಟಿಲುಗಳಲ್ಲೇ ತೀರ್ಮಾನಿಸಿಬಿಟ್ಟಿದ್ದರು.